ಎಳ್ಳು-ಬೆಲ್ಲಕ್ಕೊಬ್ಬ ಟರ್ಕಿ ನೆಂಟ

ಸಂಕ್ರಾಂತಿ ಅಡುಗೆಗೆ ಹೊರದೇಶದ ರುಚಿ ಸೇರಿಸ್ತೀನಿ ಅಂದ್ರೆ ಅಮ್ಮ ಹುಬ್ಬು ಗಂಟಿಕ್ಕುತ್ತಾರೆ. ‘ಹಬ್ಬದ ದಿನ ಪಾಸ್ತಾ ಗೀಸ್ತಾ ಬೇಡ.’ ಆದರೆ ಎಳ್ಳು-ಬೆಲ್ಲದಲ್ಲಿರೋ ಕಡಲೆಬೀಜದ ತವರೇ ದಕ್ಷಿಣ ಅಮೆರಿಕ! ಮದುವೆ ಮನೆ ಗೊಜ್ಜಿನ ಅನಾನಸ್ ಕೂಡ ಅಲ್ಲಿಯದೇ.

ಎಳ್ಳಿನ ಕಥೆ ಉಲ್ಟಾ. ಅದು ನಮ್ಮ ಉಪಖಂಡದಿಂದ ಹೊರಗೆ ಹೋದ ಬೆಳೆ. ಪಶ್ಚಿಮ ಏಷ್ಯಾದಲ್ಲಿ ಅದನ್ನು ನುಣ್ಣಗೆ ಅರೆದು ತಾಹಿನಿ ಮಾಡ್ತಾರೆ. ಟರ್ಕಿಯವರು ಅದಕ್ಕೆ ಪೆಕ್ಮೆಜ್ ಅನ್ನೋ ದ್ರಾಕ್ಷಿ ಪಾಕ ಬೆರೆಸಿ, ಬೆಳಗಿನ ತಿಂಡಿಗೆ ಬ್ರೆಡ್ ಅದ್ದಿಕೊಂಡು ತಿಂತಾರೆ. ಪಾಕದ ಜಾಗಕ್ಕೆ ಬೆಲ್ಲ ಹಾಕಿದ್ರೆ ನಮ್ಮದೇ ಜೋಡಿ.

ನಮ್ಮನೇಲಿ ಇದರ ಲಾಭ ಅಜ್ಜಿಗೆ. ಕೊಬ್ಬರಿ, ಕಡಲೆಬೀಜ ಅಗಿಯೋಕಾಗದೆ ಅವರು ಎಳ್ಳು-ಬೆಲ್ಲ ಬಿಟ್ಟು ಎಷ್ಟೋ ವರ್ಷ ಆಗಿತ್ತು.

ಒಂದು ಕಪ್ ಬಿಳಿ ಎಳ್ಳನ್ನು ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಹುರಿಯಿರಿ, ಕೆಂಪಾದ್ರೆ ಕಹಿ. ಆರಿದ ಮೇಲೆ 2-3 ಚಮಚ ಎಣ್ಣೆ ಹಾಕಿ, ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಬೆಣ್ಣೆಯಂತೆ ರುಬ್ಬಿ. ಅವಸರ ಬೇಡ, ಮೊದಲು ಪುಡಿಪುಡಿಯಾಗೇ ಇರುತ್ತೆ. ಜೋನಿ ಬೆಲ್ಲ, ಚಿಟಿಕೆ ಏಲಕ್ಕಿ ಕಲಸಿ. ಈರುಳ್ಳಿ-ಬೆಳ್ಳುಳ್ಳಿ ಇಲ್ಲ, ಹಾಗಾಗಿ ನೈವೇದ್ಯಕ್ಕೆ ಅಮ್ಮನದೂ ತಕರಾರಿಲ್ಲ. ದೋಸೆಗೆ ಸವರಿ. ಉತ್ತರ ಕರ್ನಾಟಕದವರಾದ್ರೆ ಸಂಕ್ರಾಂತಿಯ ಸಜ್ಜೆ ರೊಟ್ಟಿಗೆ ಹಚ್ಚಿ ನೋಡಿ.