ತಾಯಿಯ ಹಳೆಯ ಫೋನಿಗೂ ಬಾಗಿಲು ತೆರೆದಿರಲಿ

ಚಾಮರಾಜನಗರ, ಗುಂಡ್ಲುಪೇಟೆಯ ಎಷ್ಟೋ ಮನೆಗಳಲ್ಲಿ ಒಂದೇ ಸೂರಿನಡಿ ಮೂರು ಬಗೆಯ ಫೋನುಗಳಿರುತ್ತವೆ. ಕಾಲೇಜಿಗೆ ಹೋಗುವ ಮಗನ ಕೈಯಲ್ಲಿ ಹೊಸದು. ಅವನು ಬಳಸಿ ಬಿಟ್ಟದ್ದು ತಾಯಿಗೆ. ಅಜ್ಜಿಯ ಬಳಿ ಗುಂಡಿ ಒತ್ತುವ ಸಣ್ಣ ಫೋನು. ಶಾಲೆಯ ಸೂಚನೆ, ಬ್ಯಾಂಕಿನ ಲೆಕ್ಕ, ಸರಕಾರದ ಸವಲತ್ತು ಎಲ್ಲವೂ ಇಂದು ಫೋನಿನ ಮೂಲಕವೇ ಬರುತ್ತಿವೆ. ತಾಯಿಯ ಫೋನಿನಲ್ಲಿ ಆಪ್ ತೆರೆಯದಿದ್ದರೆ ಆಕೆ ಮಗನ ಬಿಡುವಿಗಾಗಿ ಕಾಯಬೇಕು. ಕೆಲವೊಮ್ಮೆ ತನ್ನ ಖಾತೆಯ ಗುಪ್ತ ಸಂಖ್ಯೆಯನ್ನೂ ಇನ್ನೊಬ್ಬರಿಗೆ ಹೇಳಬೇಕಾಗುತ್ತದೆ.

'ನನಗೆ ಇದೆಲ್ಲ ತಿಳಿಯುವುದಿಲ್ಲ' ಎಂದು ಅನೇಕ ಮಹಿಳೆಯರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಆದರೆ ಎಷ್ಟೋ ಬಾರಿ ಕೊರತೆ ಇರುವುದು ಅವರಲ್ಲಲ್ಲ, ದುಬಾರಿ ಫೋನನ್ನಷ್ಟೇ ಕಣ್ಣ ಮುಂದಿಟ್ಟುಕೊಂಡು ತಯಾರಿಸಿದ ತಂತ್ರಾಂಶದಲ್ಲಿ.

ಒಳ್ಳೆಯ ತಂತ್ರಾಂಶ ಮೊದಲು ಫೋನಿನ ಶಕ್ತಿಯನ್ನು ಅರಿಯುತ್ತದೆ. ಮೆಮೊರಿ ಎಷ್ಟು, ಪರದೆ ಎಷ್ಟು ಅಗಲ, ಇಂಟರ್‌ನೆಟ್ ಎಷ್ಟು ವೇಗ ಎಂಬುದನ್ನು ನೋಡಿ ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತದೆ. ಯೂಟ್ಯೂಬ್‌ನಲ್ಲಿ ಒಂದೇ ವೀಡಿಯೊವನ್ನು ಹಲವು ಗುಣಮಟ್ಟಗಳಲ್ಲಿ, ಸಣ್ಣ ಸಣ್ಣ ತುಂಡುಗಳಾಗಿ ಇಟ್ಟಿರುತ್ತಾರೆ. ವೇಗ ಕುಗ್ಗಿದರೆ ಮುಂದಿನ ತುಂಡು ಕಡಿಮೆ ಗುಣಮಟ್ಟದಿಂದ ಬರುತ್ತದೆ. ಬಂಡೀಪುರದ ಕಾಡಂಚಿನಲ್ಲಿ ಸಿಗ್ನಲ್ ಕ್ಷೀಣಿಸಿದಾಗ ಚಿತ್ರ ಮಸುಕಾದರೂ ಮಾತು ಮುಂದುವರಿಯುವುದು ಹೀಗೆ.

ದೊಡ್ಡ ಕಂಪೆನಿಗಳೂ ಈ ಅಗತ್ಯವನ್ನು ಮನಗಂಡವು. 2015ರಲ್ಲಿ ಫೇಸ್‌ಬುಕ್ ತನ್ನ ಹಗುರವಾದ 'ಲೈಟ್' ಆವೃತ್ತಿಯನ್ನು ಹೊರತಂದಿತು. 2017ರ ಡಿಸೆಂಬರ್‌ನಲ್ಲಿ ಗೂಗಲ್, 1 ಜಿಬಿ ಅಥವಾ ಅದಕ್ಕಿಂತ ಕಡಿಮೆ ರ‍್ಯಾಮ್ ಇರುವ ಫೋನುಗಳಿಗಾಗಿ 'ಆಂಡ್ರಾಯ್ಡ್ ಗೋ' ಬಿಡುಗಡೆ ಮಾಡಿತು.

ಅಜ್ಜಿಯ ಗುಂಡಿ ಫೋನಿಗೂ ದಾರಿಯಿದೆ. 2022ರ ಮಾರ್ಚ್‌ನಲ್ಲಿ ಆರಂಭವಾದ 'ಯುಪಿಐ 123ಪೇ' ಮೂಲಕ ಇಂಟರ್‌ನೆಟ್ ಇಲ್ಲದೆಯೇ, ಕರೆ ಮಾಡಿ ಹಣ ಕಳುಹಿಸಬಹುದು. 2023ರಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿಗೆ ಯಾವಾಗ, ಎಲ್ಲಿಗೆ ಬರಬೇಕೆಂಬುದನ್ನು ಎಸ್ಸೆಮ್ಮೆಸ್ ಮೂಲಕ ತಿಳಿಸುವ ಏರ್ಪಾಡಿತ್ತು. ಎಸ್ಸೆಮ್ಮೆಸ್ ತಲುಪದ ಫೋನು ಯಾವುದಿದೆ?

ಹಾಗೆಂದು ಎಲ್ಲ ಹಳೆಯ ಫೋನುಗಳಿಗೂ ಎಲ್ಲವನ್ನೂ ಹೊಂದಿಸಲಾಗದು. ಸುರಕ್ಷತಾ ಅಪ್‌ಡೇಟ್ ನಿಂತುಹೋದ ಫೋನಿನಲ್ಲಿ ಬ್ಯಾಂಕಿನ ಆಪ್ ಬಳಸುವುದು ಅಪಾಯಕಾರಿ. ಅಂತಹ ಕಡೆ ಆಪ್ ತೆರೆಯದಿರುವುದೇ ಕ್ಷೇಮ. ಆದರೆ ಬೇರೆ ದಾರಿಯನ್ನು ತೋರಿಸಿಕೊಡುವ ಹೊಣೆ ಸೇವೆ ನೀಡುವವರ ಮೇಲಿದೆ.

ಗೃಹಿಣಿಯರು ಇಷ್ಟನ್ನು ಮಾಡಬಹುದು. ಆಪ್ ಭಾರವೆನಿಸಿದರೆ ಅದರ ಲೈಟ್ ಆವೃತ್ತಿ ಇದೆಯೇ ಎಂದು ಹುಡುಕಿ. ಇಲ್ಲವಾದರೆ ಬ್ರೌಸರ್‌ನಲ್ಲಿ ಅದರ ವೆಬ್‌ಸೈಟ್ ತೆರೆದು ನೋಡಿ. ಬೇಡದ ಆಪ್‌ಗಳನ್ನು, ಫಾರ್ವರ್ಡ್ ಆಗಿ ಬಂದು ತುಂಬಿಕೊಂಡ ವೀಡಿಯೊಗಳನ್ನು ಅಳಿಸಿ ಜಾಗ ಮಾಡಿಕೊಳ್ಳಿ. ಗುಪ್ತ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ.

ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ಕಂಪ್ಯೂಟರ್ ವಿಜ್ಞಾನ ಓದುತ್ತಿದ್ದಾರೆ. ಅವರು ತಾವು ಸಿದ್ಧಪಡಿಸಿದ ಆಪನ್ನು ಮೊದಲು ಮನೆಯ ಅತ್ಯಂತ ಹಳೆಯ ಫೋನಿನಲ್ಲಿ ತೆರೆದು ನೋಡಲಿ. ಅಕ್ಷರ ಮತ್ತು ಅಗತ್ಯ ಮಾಹಿತಿ ಮೊದಲು ಬರಲಿ, ಚಿತ್ರ ಅಲಂಕಾರಗಳು ಆಮೇಲೆ. ತಾಯಿಯೊಬ್ಬಳು ಯಾರ ನೆರವೂ ಇಲ್ಲದೆ ಅದನ್ನು ಬಳಸಬಲ್ಲಳಾದರೆ ಅವರ ಓದು ಮನೆಗೂ ಊರಿಗೂ ಉಪಕಾರಿಯಾಗುತ್ತದೆ.