ವಂಡರ್‌ಲಾಗೆ ಯಾವ ಕ್ಯಾಮೆರಾ?

ಥೀಮ್ ಪಾರ್ಕಿನಷ್ಟು ಕ್ಯಾಮೆರಾವನ್ನು ಗೋಳುಹೊಯ್ದುಕೊಳ್ಳುವ ಜಾಗ ಇನ್ನೊಂದಿಲ್ಲ. ಬಿಡದಿಯ ವಂಡರ್‌ಲಾವನ್ನೇ ತೆಗೆದುಕೊಳ್ಳಿ. ಸುಡುಬಿಸಿಲಿನಲ್ಲಿ ತಲೆಕೆಳಗಾಗಿ ಸುತ್ತುವ ರೈಡು, ಮಧ್ಯಾಹ್ನ ಅಲೆ ಏಳುವ ಕೊಳ, ಆಮೇಲೆ ಕತ್ತಲ ಕೋಣೆಯಲ್ಲಿ ಲೇಸರ್ ಬೆಳಕಿನ ನಡುವೆ ಮಳೆ ಸುರಿಯುವ ರೇನ್ ಡಿಸ್ಕೊ. ನಮಗೆ ಒಂದೇ ದಿನ, ಒಂದೇ ಟಿಕೆಟ್ಟು. ಕ್ಯಾಮೆರಾಕ್ಕೆ ಮೂರು ಬೇರೆ ಬೇರೆ ಲೋಕ. ಮದುವೆಮನೆಯಲ್ಲಿ ಎಲ್ಲರೂ ಹೊಗಳಿದ ಕ್ಯಾಮೆರಾ ಇಲ್ಲಿಂದ ಮಸುಕು ಚಿತ್ರಗಳ ರಾಶಿ ಹೊತ್ತು ತಂದರೆ ಅಚ್ಚರಿಯೇನಿಲ್ಲ.

ಅಂಗಡಿಯಲ್ಲಿ ಮಾರುವ ಹುಡುಗ ಮೊದಲು ಒಪ್ಪಿಸುವುದು ಮೆಗಾಪಿಕ್ಸೆಲ್ ಲೆಕ್ಕ: ಇದು 50, ಅದು 108, ಇನ್ನೊಂದು 200. ಈ ಪ್ರವಾಸದ ಮಟ್ಟಿಗೆ ಆ ಅಂಕಿಗೆ ಹೆಚ್ಚಿನ ಬೆಲೆಯಿಲ್ಲ. ಕೇಳಬೇಕಾದದ್ದು ಬೇರೆ: ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ ಈ ಯಂತ್ರ ಎಷ್ಟು ಬೆಳಕು ಹಿಡಿಯಬಲ್ಲದು?

ಕ್ಯಾಮೆರಾದ ಒಳಗಿರುವ ಸೆನ್ಸರ್ ಎಂದರೆ ಕೋಟಿಗಟ್ಟಲೆ ಪುಟ್ಟ ಗುಳಿಗಳಿರುವ ಸಿಲಿಕಾನ್ ಬಿಲ್ಲೆ. ಬೆಳಕಿನ ಕಣ, ಅಂದರೆ ಫೋಟಾನ್, ಅದರೊಳಗೆ ಬಿದ್ದು ಇಂಗಿದಾಗ ಒಂದು ಎಲೆಕ್ಟ್ರಾನ್ ಬಿಡಿಸಿಕೊಳ್ಳುತ್ತದೆ. ಶಟರ್ ತೆರೆದಿರುವಷ್ಟು ಹೊತ್ತು ಕೂಡಿದ ಎಲೆಕ್ಟ್ರಾನುಗಳನ್ನು ಅಳೆದರೆ ಆ ಬಿಂದು ಎಷ್ಟು ಬೆಳಗಿತ್ತೆಂದು ತಿಳಿಯುತ್ತದೆ. ತೊಡಕೇನೆಂದರೆ ಫೋಟಾನುಗಳು ಎಣಿಸಿಟ್ಟಂತೆ ಬರುವುದಿಲ್ಲ. ಅಂಗಳದಲ್ಲಿ ಲೋಟಗಳನ್ನು ಸಾಲಾಗಿ ಇಟ್ಟರೆ ತುಂತುರು ಮಳೆಯಲ್ಲಿ ಒಂದಕ್ಕೆ ಮೂರು ಹನಿ, ಪಕ್ಕದ್ದಕ್ಕೆ ಏಳು. ಜಡಿಮಳೆ ಹೊಡೆದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತುಂಬುತ್ತವೆ. ಬೆಳಕಿನದೂ ಇದೇ ಕತೆ. ಸರಾಸರಿ 100 ಫೋಟಾನು ಬೀಳುವಲ್ಲಿ ಏರುಪೇರು ಅದರ ವರ್ಗಮೂಲದಷ್ಟು, ಎಂದರೆ 10, ನೂರಕ್ಕೆ ಹತ್ತು. 10,000 ಬಿದ್ದರೆ ಏರುಪೇರು 100, ನೂರಕ್ಕೆ ಒಂದೇ. ಕತ್ತಲಲ್ಲಿ ತೆಗೆದ ಚಿತ್ರದಲ್ಲಿ ಕಾಣುವ ಕಾಳುಕಾಳಿನ ದೊಡ್ಡ ಪಾಲು ಈ ಏರುಪೇರೇ. ಅದು ಬೆಳಕಿನ ಸ್ವಭಾವ. ಎಷ್ಟು ದುಡ್ಡು ಸುರಿದರೂ ಅಳಿಸಲಾಗದು. ಹೆಚ್ಚು ಬೆಳಕು ಕೂಡಿಹಾಕುವುದೊಂದೇ ಉಪಾಯ.

ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಬೆಳಕೇನೋ ಕೂಡುತ್ತದೆ, ಆದರೆ ಇಲ್ಲಿ ಯಾರೂ ನಿಂತಲ್ಲಿ ನಿಲ್ಲುವುದಿಲ್ಲವಲ್ಲ! ಗಂಟೆಗೆ 60 ಕಿಲೋಮೀಟರ್ ವೇಗದ ರೋಲರ್ ಕೋಸ್ಟರ್ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಶಟರ್ ಸೆಕೆಂಡಿನ 60ನೇ ಒಂದು ಭಾಗ ತೆರೆದಿದ್ದರೂ ಅಷ್ಟರಲ್ಲಿ ಅದು 28 ಸೆಂಟಿಮೀಟರ್ ಸರಿದಿರುತ್ತದೆ. ಕಿರುಚುತ್ತಿರುವ ಮಗಳ ಮುಖ ಬರೀ ಗೆರೆಯಾಗುತ್ತದೆ. ಸಾವಿರನೇ ಒಂದು ಭಾಗಕ್ಕೆ ಇಳಿಸಿದರೆ ಸರಿಯುವುದು ಎರಡು ಸೆಂಟಿಮೀಟರಿಗೂ ಕಡಿಮೆ, ದೂರದಿಂದ ತೆಗೆದ ಚಿತ್ರದಲ್ಲಿ ಮುಖ ಗುರುತು ಸಿಗುತ್ತದೆ. ‘ನಡುಕ ತಡೆಯುತ್ತದೆ’ ಎಂದು ಡಬ್ಬದ ಮೇಲೆ ಬರೆದಿರುವ ಸೌಲಭ್ಯ ಇದಕ್ಕೆ ನೆರವಾಗದು. ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು, ರೈಡಿನ ಓಟವನ್ನಲ್ಲ.

ನಡುಹಗಲಿನಲ್ಲಿ ಇದಾವುದೂ ಸಮಸ್ಯೆಯಲ್ಲ. ಬೆಳಕನ್ನು ಅಳೆಯುವ ಲಕ್ಸ್ ಲೆಕ್ಕದಲ್ಲಿ ನೇರ ಬಿಸಿಲೆಂದರೆ ಸುಮಾರು 1 ಲಕ್ಷ. ಅಗ್ಗದ ಮೊಬೈಲೂ ಚೊಕ್ಕ ಚಿತ್ರ ಕೊಡುತ್ತದೆ. ರಾತ್ರಿ ಮನೆಯೊಳಗೆ ದೀಪ ಹಾಕಿದರೆ ನೂರು ಲಕ್ಸಿನ ಆಸುಪಾಸು, ಕತ್ತಲ ರೈಡಿನಲ್ಲಿ ಅದಕ್ಕಿಂತಲೂ ಬಹಳ ಕಡಿಮೆ. ಬೆಳಕು ಸಾವಿರ ಪಟ್ಟು ಕುಸಿದ ಮೇಲೆಯೇ ಒಂದು ಕ್ಯಾಮೆರಾಕ್ಕೂ ಇನ್ನೊಂದಕ್ಕೂ ಇರುವ ಅಂತರ ಬಯಲಾಗುವುದು. ಆಗ ಕೈಹಿಡಿಯುವುದು ಅಗಲ ಬಾಯಿಯ ಲೆನ್ಸು, ಅದಕ್ಕೊಪ್ಪುವ ದೊಡ್ಡ ಸೆನ್ಸರ್. ಸಾಧಾರಣ ಪಾಕೆಟ್ ಕ್ಯಾಮೆರಾದ ಸೆನ್ಸರ್ ವಿಸ್ತೀರ್ಣ ಸುಮಾರು 28 ಚದರ ಮಿಲಿಮೀಟರ್. ‘ಒಂದು ಇಂಚು’ ಎಂದು ಮಾರುವ ವರ್ಗದ್ದು 116, ದೊಡ್ಡ ಕ್ಯಾಮೆರಾಗಳ ಎಪಿಎಸ್-ಸಿ ಎಂಬುದು 370ರ ಹತ್ತಿರ, ಫುಲ್ ಫ್ರೇಮ್ 864. ಒಳ್ಳೆಯ ಮೊಬೈಲುಗಳ ಮುಖ್ಯ ಕ್ಯಾಮೆರಾ ಈಗ ಪಾಕೆಟ್ ಕ್ಯಾಮೆರಾವನ್ನು ದಾಟಿ ಬಹಳ ಮುಂದೆ ಬಂದಿದೆ. ‘ಪ್ರವಾಸಕ್ಕೆಂದು ಇರಲಿ’ ಎಂದು ಅಗ್ಗದ ಪಾಕೆಟ್ ಕ್ಯಾಮೆರಾ ಕೊಳ್ಳುವುದು ಇವತ್ತು ದುಡ್ಡು ದಂಡ.

ಮೊಬೈಲಿನ ಇನ್ನೊಂದು ಗುಟ್ಟು ಗೊತ್ತಿರಲಿ. ಅದರ ಝೂಮ್ ಲೆನ್ಸಿನ ಹಿಂದಿರುವುದು ಸಾಮಾನ್ಯವಾಗಿ ಮುಖ್ಯ ಕ್ಯಾಮೆರಾಕ್ಕಿಂತ ಚಿಕ್ಕ ಸೆನ್ಸರ್. ಹೊತ್ತು ಮುಳುಗಿದ ಮೇಲೆ ನೀವು ಝೂಮ್ ಒತ್ತಿದರೆ ಹಲವು ಮೊಬೈಲುಗಳು ಸದ್ದಿಲ್ಲದೆ ಮುಖ್ಯ ಕ್ಯಾಮೆರಾಕ್ಕೇ ಮರಳಿ, ಅದರ ಚಿತ್ರವನ್ನು ಕತ್ತರಿಸಿ ಹಿಗ್ಗಿಸಿ ಕೊಡುತ್ತವೆ. ನೈಟ್ ಮೋಡ್ ಎಂಬುದೂ ಒಂದೇ ಚಿತ್ರವಲ್ಲ. ಬೆನ್ನುಬೆನ್ನಿಗೆ ಹಲವು ಚಿತ್ರ ತೆಗೆದು, ಒಂದರ ಮೇಲೊಂದು ಕೂಡಿಸಿ ಸರಾಸರಿ ಮಾಡುತ್ತದೆ. ಒಂಬತ್ತನ್ನು ಕೂಡಿಸಿದರೆ ಕಾಳುಕಾಳು ಮೂರನೇ ಒಂದಕ್ಕೆ ಇಳಿಯುತ್ತದೆ, ಮತ್ತದೇ ವರ್ಗಮೂಲ. ದೀಪ ಹೊತ್ತಿಸಿದ ಕಟ್ಟಡಕ್ಕೆ ಇದು ಸೊಗಸು, ಕುಣಿಯುವ ಮಕ್ಕಳಿಗಲ್ಲ.

ತಿರುಗುವ ರೈಡಿನ ನೆಟ್ಟನೆಯ ಕಬ್ಬಿಣದ ತೋಳುಗಳು ಮೊಬೈಲಿನಲ್ಲಿ ಬಾಗಿದಂತೆ ಕಾಣುವುದನ್ನು ಗಮನಿಸಿರಬಹುದು. ಸೆನ್ಸರ್ ಇಡೀ ಚಿತ್ರವನ್ನು ಒಮ್ಮೆಗೇ ಓದುವುದಿಲ್ಲ, ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಕೊನೆಯ ಸಾಲು ಮುಟ್ಟುವಷ್ಟರಲ್ಲಿ ತೋಳು ಮುಂದೆ ಹೋಗಿರುತ್ತದೆ. ಎಲ್‌ಇಡಿ ದೀಪದ ಕೆಳಗೆ ಮೂಡುವ ಕಪ್ಪುಪಟ್ಟೆಗಳ ಮೂಲವೂ ಇದೇ. ನಮ್ಮ ಕರೆಂಟು 50 ಹರ್ಟ್ಸ್; ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರನ್ನು 50ನೇ ಅಥವಾ 100ನೇ ಒಂದು ಭಾಗಕ್ಕೆ ನಿಲ್ಲಿಸಿದರೆ ಪಟ್ಟೆ ಮಾಯ. ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿ ಫ್ಲಾರಿಡಾದ ಡಿಸ್ನಿ ವರ್ಲ್ಡ್ ನೋಡುವವರು ಇದನ್ನು 60 ಅಥವಾ 120 ಎಂದು ಬದಲಿಸಿಕೊಳ್ಳಬೇಕು, ಅಲ್ಲಿಯದು 60 ಹರ್ಟ್ಸ್. ಅಲ್ಲಿ 1975ರಲ್ಲಿ ಶುರುವಾದ ಸ್ಪೇಸ್ ಮೌಂಟನ್ ಎಂಬ ರೈಡಿನಲ್ಲಿ ಮಾತ್ರ ಯಾವ ಲೆಕ್ಕವೂ ನಡೆಯದು. ವೇಗ ಗಂಟೆಗೆ 45 ಕಿಲೋಮೀಟರ್ ಅಷ್ಟೇ, ಆದರೆ ಓಟವೆಲ್ಲ ಕತ್ತಲಲ್ಲಿ. ಫ್ಲ್ಯಾಶ್ ಹಾಕಿದರೆ ಎಲ್ಲರ ಕತ್ತಲೂ ಕೆಡುತ್ತದೆ. ಅದಕ್ಕೇ ಅಲ್ಲಿ ನಿಷೇಧ.

ರೈಡಿನಿಂದ ಇಳಿದ ಮೇಲೆ ಪಾರ್ಕಿನವರು ಮಾರುವ ಫೋಟೊ ನೋಡಿ. ಬಾಯಿ ತೆರೆದ ಮುಖಗಳೆಲ್ಲ ನಿಚ್ಚಳ. ಕ್ಯಾಮೆರಾ ಒಂದೇ ಜಾಗಕ್ಕೆ ಗುರಿಯಿಟ್ಟು ಕೂತಿರುತ್ತದೆ, ಫೋಕಸ್ ಮೊದಲೇ ಕಟ್ಟಿರುತ್ತದೆ, ಬಂಡಿ ಆ ಗುರುತು ದಾಟಿದ ಕ್ಷಣ ಸಂವೇದಕ ಶಟರ್ ಒತ್ತುತ್ತದೆ. ಕೆಳಗೆ ನಿಂತ ಅಪ್ಪನೂ ಇದನ್ನೇ ಮಾಡಬಹುದು. ಬಂಡಿಯ ಹಿಂದೆ ಕ್ಯಾಮೆರಾ ಅಟ್ಟಬೇಡಿ. ಏರು ಮುಗಿದು ಇಳಿಜಾರು ಶುರುವಾಗುವ ನೆತ್ತಿಯಲ್ಲಿ ಬಂಡಿ ನಿಧಾನವಾಗುತ್ತದೆ. ಅಲ್ಲಿಗೆ ಫೋಕಸ್ ಕಟ್ಟಿಕೊಂಡು ಕಾಯಿರಿ, ಬಂದಾಗ ಬೆನ್ನುಬೆನ್ನಿಗೆ ಚಿತ್ರ ತೆಗೆಯುವ ಬರ್ಸ್ಟ್ ಒತ್ತಿ. 1975ರಲ್ಲೇ ಕೊಡಕ್‌ನ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಈಗಿನ ಮೊಬೈಲು ಒಂದೇ ಸೆಕೆಂಡಿನಲ್ಲಿ ಹತ್ತು ತೆಗೆಯುತ್ತದೆ, ಜಿಪುಣತನ ಬೇಡ.

ಇನ್ನು ನೀರು. ನೀರು ತಾಳುತ್ತದೆಂದು ಹೇಳುವ ಐಪಿ68 ಎಂಬ ಮುದ್ರೆ ನಂಬಿ ಮೊಬೈಲ್ ಹಿಡಿದು ಅಲೆಗಳ ಕೊಳಕ್ಕೆ ಇಳಿಯುವವರು ಬಹಳ. ಆ ಪರೀಕ್ಷೆ ನಡೆಯುವುದು ಪ್ರಯೋಗಾಲಯದಲ್ಲಿ, ಹೊಸ ಮೊಬೈಲಿನ ಮೇಲೆ, ಅಲುಗಾಡದ ಸಿಹಿನೀರಿನಲ್ಲಿ. ಕೊಳದಲ್ಲಿರುವುದು ಕ್ಲೋರಿನ್ ನೀರು, ರಭಸದ ಹೊಡೆತ. ನಿಮ್ಮ ಮೊಬೈಲಿನ ಒಳಗಿನ ಅಂಟು, ರಬ್ಬರು ಎರಡು ವರ್ಷ ಹಳತಾಗಿರುತ್ತವೆ. ನೀರು ಹೊಕ್ಕರೆ ವಾರಂಟಿ ಸಾಮಾನ್ಯವಾಗಿ ಸಿಗದು. ಪ್ಲಾಸ್ಟಿಕ್ ಪೌಚ್ ವಾಸಿ, ಆದರೆ ಹಿಂದಿನ ರಾತ್ರಿಯೇ ಅದರೊಳಗೆ ಟಿಶ್ಯೂ ಕಾಗದ ಇಟ್ಟು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ನೋಡಿ. ಸ್ಪರ್ಶಪರದೆ ಬೆರಳಿನ ವಿದ್ಯುತ್ ಗುಣವನ್ನು ಗುರುತಿಸಿ ನಡೆಯುವಂಥದ್ದು. ನೀರೂ ವಿದ್ಯುತ್ ಹರಿಸುವುದರಿಂದ ಅದಕ್ಕೆ ದಿಕ್ಕು ತಪ್ಪುತ್ತದೆ. ವಾಲ್ಯೂಮ್ ಗುಂಡಿಯಿಂದ ಕ್ಲಿಕ್ ಮಾಡಿ.

ನೀರಾಟವೇ ಮುಖ್ಯವೆನ್ನುವವರಿಗೆ ಗೋಪ್ರೊ ಥರದ ಆಕ್ಷನ್ ಕ್ಯಾಮೆರಾ ಸರಿ. ಈಗಿನ ಹಲವು ಮಾದರಿಗಳು ಹೊರಕವಚವಿಲ್ಲದೆಯೇ 10 ಮೀಟರ್ ಆಳ ತಾಳುತ್ತವೆ. ಸೆನ್ಸರ್ ಚಿಕ್ಕದು, ಲೆನ್ಸಿನ ನೋಟ ಅಗಲ; ಹಾಗಾಗಿ ಹತ್ತಿರದ ಮುಖದಿಂದ ದೂರದ ಮರದವರೆಗೆ ಎಲ್ಲವೂ ಸ್ಪಷ್ಟ, ಫೋಕಸ್ ಹುಡುಕಾಟವೇ ಇಲ್ಲ. ಕತ್ತಲಾದರೆ ಅದೇ ಚಿಕ್ಕ ಸೆನ್ಸರ್ ಸೋಲುತ್ತದೆ. ರೇನ್ ಡಿಸ್ಕೊದಲ್ಲಂತೂ ಯಾವ ಕ್ಯಾಮೆರಾವನ್ನೂ ಲೇಸರ್ ಕಡೆಗೆ ಹಿಡಿಯಬೇಡಿ. ಕಿರಣ ನೇರವಾಗಿ ಬಿದ್ದರೆ ಸೆನ್ಸರ್ ಸುಟ್ಟು ಶಾಶ್ವತ ಕಲೆ ಉಳಿಯಬಹುದು.

ನನ್ನ ಮಾತು ಕೇಳುವುದಾದರೆ ಡಿಎಸ್‌ಎಲ್‌ಆರ್ ಮನೆಯಲ್ಲಿರಲಿ. ಅದರ ಚಿತ್ರಕ್ಕೆ ಸಾಟಿಯಿಲ್ಲ, ನಿಜ. ಆದರೆ ಅದನ್ನು ಕಾಯಲು ಒಬ್ಬರು ಇಡೀ ದಿನ ದಡದಲ್ಲಿ ಕೂರಬೇಕು, ಆ ಒಬ್ಬರು ಸಾಮಾನ್ಯವಾಗಿ ಮನೆಯ ಹೆಂಗಸೇ ಆಗಿರುತ್ತಾರೆ. ಪೌಚಿನಲ್ಲಿ ಒಂದು ಒಳ್ಳೆಯ ಮೊಬೈಲ್ ಸಾಕು. ಹೊಸದಾಗಿ ಕೊಳ್ಳಲೇಬೇಕೆಂದರೆ ಒಂದು ಇಂಚಿನ ಸೆನ್ಸರಿನ ಪುಟ್ಟ ಕ್ಯಾಮೆರಾ.

ರೈಡಿನ ಮೇಲೆ ಮಾತ್ರ ಇವುಗಳಲ್ಲಿ ಯಾವುದೂ ಕೈಯಲ್ಲಿರಕೂಡದು. 60 ಕಿಲೋಮೀಟರ್ ವೇಗದಲ್ಲಿ ಕೈ ಜಾರಿದ ಮೊಬೈಲ್ ಯಾರಿಗಾದರೂ ತಾಗಿದರೆ ಆ ಪೆಟ್ಟು ಸುಮಾರು 14 ಮೀಟರ್ ಎತ್ತರದಿಂದ, ಅಂದರೆ ನಾಲ್ಕನೇ ಮಹಡಿಯಿಂದ, ತಲೆಯ ಮೇಲೆ ಬಿದ್ದಷ್ಟು. ಲಾಕರಿನಲ್ಲಿಟ್ಟು ಬನ್ನಿ ಎನ್ನುವ ಸಿಬ್ಬಂದಿಯ ಜೊತೆ ಜಗಳಕ್ಕೆ ನಿಲ್ಲಬೇಡಿ.

ಕೊಳ್ಳುವ ಮೊದಲು ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ. ಝಗಝಗಿಸುವ ಕೌಂಟರ್ ಬಿಟ್ಟು ಮಂಕು ಬೆಳಕಿನ ಮೂಲೆಗೆ ಹೋಗಿ, ಜೊತೆಯಲ್ಲಿ ಬಂದವರಿಗೆ ಬೇಗಬೇಗ ನಡೆಯಲು ಹೇಳಿ, ಒಂದು ಚಿತ್ರ ತೆಗೆದು ಹಿಗ್ಗಿಸಿ ನೋಡಿ. ಅವರ ಮುಖ ಗುರುತು ಸಿಕ್ಕರೆ ಮಾತ್ರ ದುಡ್ಡು ಕೊಡಿ.