ಹೊಸ ಕಟ್ಟಡದ ಒಳಚರಂಡಿ: ದೊಡ್ಡ ಪೈಪು ಎಲ್ಲಕ್ಕೂ ಪರಿಹಾರವಲ್ಲ

ಮಳಿಗೆ, ಗೋದಾಮು ಅಥವಾ ಸಣ್ಣ ಕಾರ್ಖಾನೆಯ ಶೆಡ್ಡು ಕಟ್ಟಿಸಲು ಹೊರಟ ವರ್ತಕರು ಸಿಮೆಂಟು, ಕಬ್ಬಿಣಗಳ ದರವನ್ನು ನಾಲ್ಕಾರು ಕಡೆ ವಿಚಾರಿಸುತ್ತಾರೆ. ನೆಲದಡಿ ಹೂತುಹೋಗುವ ಚರಂಡಿ ಪೈಪಿನ ಗಾತ್ರವನ್ನು ಮಾತ್ರ ಪ್ಲಂಬರನ ಬಾಯಿಮಾತಿಗೆ ಬಿಟ್ಟುಬಿಡುತ್ತಾರೆ. "ಒಂದು ಸೈಜು ದೊಡ್ಡದನ್ನೇ ಹಾಕಿಬಿಡಿ, ಕಟ್ಟಿಕೊಳ್ಳುವ ಭಯವಿಲ್ಲ" ಎಂಬುದು ಎಲ್ಲೆಡೆ ಕೇಳಿಬರುವ ಸಲಹೆ. ಇದನ್ನು ಪರಿಶೀಲಿಸದೆ ಒಪ್ಪಿದವರು ಮುಂದೆ ಟೈಲ್ಸ್ ಒಡೆಸಬೇಕಾದೀತು.

ಕುಡಿಯುವ ನೀರಿನ ಪೈಪಿನಲ್ಲಿ ಒತ್ತಡವಿರುತ್ತದೆ. ಚರಂಡಿ ಪೈಪಿಗೆ ಇಳಿಜಾರೊಂದೇ ಬಲ. ಮಲಿನ ನೀರು ಘನವಸ್ತುವನ್ನು ತನ್ನೊಡನೆ ಸಾಗಿಸಬೇಕಾದರೆ ಸೆಕೆಂಡಿಗೆ ಸುಮಾರು 0.75 ಮೀಟರ್ ವೇಗವಿರಬೇಕು. ಅಗತ್ಯಕ್ಕಿಂತ ಅಗಲವಾದ ಪೈಪಿನಲ್ಲಿ ಅಲ್ಪ ನೀರು ತಳದಲ್ಲಿ ತೆಳುವಾಗಿ ಹರಡಿಕೊಂಡು ಮುಂದೆ ಸಾಗುತ್ತದೆ, ಮಲವು ಹಿಂದುಳಿಯುತ್ತದೆ. ದೊಡ್ಡ ಪೈಪು ಕಟ್ಟಿಕೊಳ್ಳುವ ಬಗೆ ಇದು.

ಸಾಮಾನ್ಯ ಕಟ್ಟಡಗಳಲ್ಲಿ ಕೈತೊಳೆಯುವ ಬೇಸಿನ್ನಿಗೆ 40 ಮಿ.ಮೀ., ಅಡುಗೆಮನೆಯ ಸಿಂಕಿಗೆ 50, ಬಚ್ಚಲಿನ ನೆಲದ ಟ್ರ್ಯಾಪಿಗೆ 75, ಶೌಚಾಲಯಕ್ಕೆ 110 ಮಿ.ಮೀ. ಪೈಪುಗಳು ಬಳಕೆಯಲ್ಲಿವೆ. ಹಲವು ಅಂತಸ್ತುಗಳ ಶೌಚಾಲಯಗಳೆಲ್ಲ ಬಂದು ಸೇರುವಲ್ಲಿ 160 ಬೇಕಾಗಬಹುದು. ನೀರು ಹರಿಯುವ ದಿಕ್ಕಿನಲ್ಲಿ ಗಾತ್ರವು ಎಂದಿಗೂ ಕಿರಿದಾಗಕೂಡದು.

ಇಳಿಜಾರಿಗೆ ಮೇಸ್ತ್ರಿಗಳೂ ಬಲ್ಲ ಒಂದು ಹಳೆಯ ಲೆಕ್ಕವಿದೆ: ನಾಲ್ಕಿಂಚಿನ ಪೈಪಿಗೆ 40 ಅಡಿಗೆ ಒಂದು ಅಡಿ, ಆರಿಂಚಿನದಕ್ಕೆ 60 ಅಡಿಗೆ ಒಂದು ಅಡಿ. ದೊಡ್ಡ ಪೈಪಿನ ಆಕರ್ಷಣೆ ಇಲ್ಲಿಯೇ ಇರುವುದು. ರಸ್ತೆಯ ಮ್ಯಾನ್‌ಹೋಲ್ 24 ಮೀಟರ್ ದೂರದಲ್ಲಿದ್ದರೆ ನಾಲ್ಕಿಂಚಿನ ಪೈಪಿಗೆ 60 ಸೆಂ.ಮೀ. ಇಳಿತ ಬೇಕು, ಆರಿಂಚಿನದಕ್ಕೆ 40 ಸಾಕು. ಮ್ಯಾನ್‌ಹೋಲ್ ಆಳವಿಲ್ಲದ ಕಡೆ ಈ 20 ಸೆಂ.ಮೀ. ಉಳಿಸಲೆಂದೇ ಆರಿಂಚಿನ ಪೈಪು ಹಾಕಿಸುವವರುಂಟು. ಆದರೆ ಆ ಲೆಕ್ಕವು ಪೈಪಿನ ಅರ್ಧದಷ್ಟಾದರೂ ನೀರು ಹರಿಯುವುದೆಂದು ಭಾವಿಸಿದ್ದು. ಎರಡೇ ಶೌಚಾಲಯಗಳಿರುವ ಮಳಿಗೆಯಲ್ಲಿ ಅಷ್ಟು ನೀರೆಲ್ಲಿಂದ ಬರಬೇಕು?

ಆದ್ದರಿಂದ ಪಾಯ ತೆಗೆಯುವ ಮೊದಲೇ ಮ್ಯಾನ್‌ಹೋಲಿನ ತಳದ ಮಟ್ಟವನ್ನು ಅಳೆಯಿಸಿ, ಅದಕ್ಕೆ ಹೊಂದುವಂತೆ ಪ್ಲಿಂತ್ ಎತ್ತರವನ್ನು ನಿಗದಿಪಡಿಸುವುದು ಸೂಕ್ತ. ಆ ಹಂತದಲ್ಲಿ ತಗಲುವುದು ಕೆಲವು ಲೋಡು ಮಣ್ಣಿನ ಖರ್ಚು ಹಾಗೂ ಪಾಯದ ಗೋಡೆಯ ಒಂದೆರಡು ವರಸೆ ಮಾತ್ರ.

ಖರೀದಿಯ ವೇಳೆ ಇನ್ನೊಂದು ಅಂಶವನ್ನು ಗಮನಿಸಬೇಕು. ಭಾರತೀಯ ಮಾನಕ ಐಎಸ್ 13592ರಲ್ಲಿ ಪಿವಿಸಿ ಪೈಪುಗಳು ಎರಡು ಬಗೆ. 'ಎ' ಬಗೆ ಗಾಳಿಕೊಳವೆಗೆ ಹಾಗೂ ಮಳೆನೀರಿಗೆ. 'ಬಿ' ಬಗೆ ಮಲಿನ ನೀರಿಗೆ. 110 ಮಿ.ಮೀ. ಗಾತ್ರದಲ್ಲಿ 'ಎ' ಪೈಪಿನ ಗೋಡೆಯ ಕನಿಷ್ಠ ದಪ್ಪ 2.2 ಮಿ.ಮೀ., 'ಬಿ'ಯದು 3.2. ಹೊರಗಿನಿಂದ ನೋಡಲು ಎರಡೂ ಒಂದೇ. ಅಗ್ಗವೆಂದು 'ಎ' ಪೈಪನ್ನು ನೆಲದಡಿ ಹೂಳುವುದು ಸಲ್ಲದು. ಹಾರ್ಡ್‌ವೇರ್ ವ್ಯಾಪಾರದಲ್ಲಿರುವ ಸದಸ್ಯರು ಇದನ್ನು ಗಿರಾಕಿಗೆ ತಾವಾಗಿಯೇ ತಿಳಿಸುವುದು ವ್ಯಾಪಾರದ ಹಿತದೃಷ್ಟಿಯಿಂದಲೂ ಒಳ್ಳೆಯದು.

ಶೌಚದ ಪೈಪನ್ನು ಛಾವಣಿಯ ಮೇಲಕ್ಕೆ ಒಯ್ದು ಗಾಳಿಗೆ ತೆರೆದಿಡಬೇಕು. ಇಲ್ಲವಾದರೆ ರಭಸದ ಹರಿವು ಟ್ರ್ಯಾಪಿನ ನೀರನ್ನು ಎಳೆದುಕೊಂಡು ಹೋಗಿ, ದುರ್ವಾಸನೆ ಮಳಿಗೆಯೊಳಗೆ ಬರುತ್ತದೆ. ಮಳೆನೀರನ್ನು ಒಳಚರಂಡಿಗೆ ಜೋಡಿಸಬಾರದು. ಅದರ ಪೈಪಿನ ಗಾತ್ರವನ್ನು ಛಾವಣಿಯ ವಿಸ್ತೀರ್ಣ ಮತ್ತು ಊರಿನ ಮಳೆಯ ರಭಸ ನೋಡಿ ಪ್ರತ್ಯೇಕವಾಗಿ ನಿರ್ಧರಿಸಬೇಕು. ಪೈಪು ಜೋಡಿಸಿದ ಮೇಲೆ, ಮಣ್ಣು ಮುಚ್ಚುವ ಮುನ್ನ, ಕೆಳತುದಿಯನ್ನು ಬಂದುಮಾಡಿ ನೀರು ತುಂಬಿಸಿ ಸೋರಿಕೆಯನ್ನು ಪರೀಕ್ಷಿಸಿ, ಪೈಪು ಹಾದುಹೋದ ದಾರಿಯ ಛಾಯಾಚಿತ್ರಗಳನ್ನು ಕಟ್ಟಡದ ನಕ್ಷೆಯೊಂದಿಗೆ ಕಡತದಲ್ಲಿರಿಸಿಕೊಳ್ಳುವುದು.